ಬಚ್ಚಲಿನ ಮೂಲೆ, ಟ್ರೇಯ ಮೂತಿ

ಮೂಲೆಗೆ ಕೂರಿಸುವ ಶವರ್ ಟ್ರೇಗಳೆಲ್ಲ ಬೆನ್ನ ಕಡೆಯಿಂದ ನೋಡಿದರೆ ಒಂದೇ. ಎರಡು ಗೋಡೆ ಕೂಡುವಲ್ಲಿ 90 ಡಿಗ್ರಿಯ ಕೋನ, ಅದರ ಅಕ್ಕಪಕ್ಕ ಎರಡು ನೇರ ಅಂಚು. ಅವು ಬೇರೆಯಾಗುವುದು ಮುಂದೆ, ಕೋಣೆಯೊಳಕ್ಕೆ ಚಾಚುವ ಮೂತಿಯಲ್ಲಿ. ಚೌಕ ಮತ್ತು ಆಯತದ ಟ್ರೇಗಳಿಗೆ ಅಲ್ಲಿ ಇನ್ನೊಂದು ಚೂಪು ಮೂಲೆ ಇರುತ್ತದೆ. ಅಂಗಡಿಯವರು ಕ್ವಾಡ್ರಂಟ್ ಎನ್ನುವ ಕಾಲುವೃತ್ತದ ಟ್ರೇಯಲ್ಲಿ ಆ ಮೂಲೆ ದುಂಡಗೆ ಸವೆದಿರುತ್ತದೆ. ಅದರಲ್ಲೇ ಒಂದು ಬದಿ ಉದ್ದ, ಇನ್ನೊಂದು ಗಿಡ್ಡ ಆದರೆ ಆಫ್‌ಸೆಟ್ ಕ್ವಾಡ್ರಂಟ್. ಐದು ಅಂಚಿನ ಟ್ರೇ, ಅಂದರೆ ಅಮೆರಿಕದವರ ನಿಯೋ-ಆ್ಯಂಗಲ್, ಚೌಕದ ಬರ್ಫಿಯ ಒಂದು ಮೂಲೆಯನ್ನು ಚಾಕುವಿನಿಂದ ಓರೆಯಾಗಿ ಕೊಯ್ದಂತೆ ಇರುತ್ತದೆ.

ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು, ಬೆಂಗಳೂರಿನ ಫ್ಲ್ಯಾಟೊಂದರ ಬಚ್ಚಲನ್ನು ಒಡೆಸಿ ಹೊಸದಾಗಿ ಮಾಡಿಸುತ್ತಿರುವವರು. ಇನ್ನೊಬ್ಬರು ಅವರ ಹಳೆಯ ಶಿಷ್ಯೆ, ಈಗ ಆರ್ಕಿಟೆಕ್ಟ್. ಟೈಲ್ಸ್ ಮುಖದಿಂದ ಮುಖಕ್ಕೆ ಅಳೆದರೆ ಕೋಣೆ 195 ಸೆಂ.ಮೀ. ಉದ್ದ, 165 ಸೆಂ.ಮೀ. ಅಗಲ, ಹತ್ತಿರಹತ್ತಿರ 3.2 ಚದರ ಮೀಟರ್. ಕಮೋಡು ಸೇರಿದ ಬಚ್ಚಲಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಕನಿಷ್ಠ 2.8 ಚದರ ಮೀಟರಿಗಿಂತ ತುಸುವೇ ಹೆಚ್ಚು. ಉದ್ದದ ಗೋಡೆಯೊಂದರ ಎಡತುದಿಯಲ್ಲಿ 70 ಸೆಂ.ಮೀ. ಅಗಲದ ಬಾಗಿಲು, ಒಳಕ್ಕೆ ತೆರೆಯುವಂಥದ್ದು. ಎದುರು ಗೋಡೆಯ ಎಡಕ್ಕೆ ಕಮೋಡು. ಬಲಗೋಡೆಯಲ್ಲಿ, ಬಾಗಿಲಿರುವ ಬದಿಗೆ ವಾಶ್‌ಬೇಸಿನ್. ಶವರಿಗೆ ಉಳಿದದ್ದು ಬಾಗಿಲಿಗೆ ಓರೆಯಾಗಿ ಎದುರಾದ ಬಲಮೂಲೆ.

ಮೇಷ್ಟ್ರು: ಆಕಾರದ ಮಾತು ಆಮೇಲೆ. ಟ್ರೇನೇ ಯಾಕಮ್ಮ ಬೇಕು? ಆ ಮೂಲೆಯ ನೆಲವನ್ನ ಒಂದಿಂಚು ತಗ್ಗಿಸಿ, ವಾಟ ಕೊಟ್ಟು, ಟೈಲ್ಸ್ ಹಾಕಿದರೆ ಮುಗೀತಲ್ಲ.

ಶಿಷ್ಯೆ: ನೆಲಮಹಡಿ ಮನೆ ಆಗಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ ಸಾರ್. ಫ್ಲ್ಯಾಟಿನಲ್ಲಿ ಟೈಲ್ಸ್ ಸಂದುಗಳೇ ಶತ್ರು. ಸಂದಿನ ಗ್ರೌಟ್ ವರ್ಷಗಟ್ಟಲೆ ನೀರು ಕುಡಿದು, ಕೆಳಗಿರೋ ವಾಟರ್‌ಪ್ರೂಫಿಂಗ್ ಎಲ್ಲೋ ಒಂದು ಕಡೆ ಸೋತರೆ, ಬಚ್ಚಲಿನ ಪೈಪುಗಳಿಗಾಗಿ ಇಳಿಸಿ ಕಟ್ಟಿದ ಸಂಕನ್ ಸ್ಲ್ಯಾಬಿನ ತಗ್ಗಿನಲ್ಲಿ ನೀರು ಸೇರಿಕೊಳ್ಳುತ್ತೆ. ಕೆಳಗಿನ ಮನೆಯವರು ಚಾವಣಿ ತೋರಿಸೋಕೆ ಕರೆದಾಗಲೇ ನಮಗೆ ಗೊತ್ತಾಗೋದು. ಟ್ರೇ ಅಂದರೆ ಒಂದೇ ಅಚ್ಚು. ನೆಲದ ನಡುವೆ ಸಂದಿಲ್ಲ, ವಾಟವೂ ಅಚ್ಚಿನಲ್ಲೇ ಬಂದಿರುತ್ತೆ. ಸಂದು ಇರೋದು ಗೋಡೆ ಸೇರುವ ಎರಡು ಅಂಚಿನಲ್ಲಿ ಮಾತ್ರ. ಹಾಗಂತ ಎಲ್ಲ ಮನೆಗೂ ಹೇಳಲ್ಲ. ದಿನಾ ಮಣೆ ಹಾಕಿ ಕೂತು, ಬಕೆಟ್ಟು ಚೊಂಬಿನಲ್ಲಿ ಸ್ನಾನ ಮಾಡೋ ಮನೆಗೆ ಮೂಲೆ ಟ್ರೇ ಒಂದು ಶಿಕ್ಷೆ. ಮಣೆ, ಬಕೆಟ್ಟು, ಚಾಚಿದ ಕಾಲು, ಮೂರಕ್ಕೂ ಅದರಲ್ಲಿ ಜಾಗ ಸಿಗಲ್ಲ.

ಮೇಷ್ಟ್ರು: ನಾವು ಶವರಿಗೆ ಬಿದ್ದು ಹತ್ತು ವರ್ಷ ಆಯ್ತು. ದೀಪಾವಳಿ ಎಣ್ಣೆನೀರಿಗೆ ಮಾತ್ರ ಬಕೆಟ್ಟು.

ಶಿಷ್ಯೆ: ಹಾಗಾದರೆ ಆಗಬಹುದು. ಎಣ್ಣೆಯ ಮಾತಿಗೆ ಆಮೇಲೆ ಬರೋಣ.

ಆಯ್ಕೆ ಶುರುವಾಗುವುದು ಸಾಮಾನ್ಯವಾಗಿ ಚೌಕದಿಂದ. 90 ಸೆಂ.ಮೀ. ಚೌಕದ ಟ್ರೇ ಎಂದರೆ 0.81 ಚದರ ಮೀಟರ್. ನಿಲ್ಲಲು ಧಾರಾಳ, ಗಾಜೂ ಚಪ್ಪಟೆ. ಆದರೆ ಮೂಲೆಯಿಂದ ಮೂತಿಯವರೆಗಿನ ಕರ್ಣ 127 ಸೆಂ.ಮೀ. ಆಗುತ್ತದೆ. ಅಳತೆಪಟ್ಟಿ ಹಿಡಿಯುವವರು ಗೋಡೆಗುಂಟ 90 ಅಳೆದು ಸಮಾಧಾನಪಡುತ್ತಾರೆ. ಬಚ್ಚಲೊಳಗೆ ಕಾಲಿಟ್ಟವರ ಮೊಣಕಾಲಿಗೆ ತಗಲುವುದು ಆ 127ರ ತುದಿ.

ಮೇಷ್ಟ್ರು: ಕರ್ಣದ ಲೆಕ್ಕ ನನ್ನದು, ಅದು ಬಿಡು. ಮೂಲೆ ದುಂಡಗೆ ಮಾಡಿದರೆ ಎಷ್ಟು ಉಳಿಯುತ್ತೆ? ದುಂಡಿನ ತ್ರಿಜ್ಯ ಎಷ್ಟಿರುತ್ತೆ ಹೇಳು.

ಶಿಷ್ಯೆ: ಯುರೋಪಿನ ಟ್ರೇಗಳಲ್ಲಿ ಹೆಚ್ಚಾಗಿ 55 ಸೆಂ.ಮೀ. ಕೆಲವರದ್ದು 50.

ಮೇಷ್ಟ್ರು: 55 ಅಂದುಕೋ. ಕರ್ಣದಲ್ಲಿ ತಗ್ಗೋದು 55ನ್ನ 0.414ರಿಂದ ಗುಣಿಸಿದಷ್ಟು, ಸುಮಾರು 23. ಅಂದರೆ ಮೂತಿ 127ರಿಂದ 104ಕ್ಕೆ ಹಿಂದೆ ಸರಿಯಿತು. ಈಗ ಕಳೆದುಕೊಂಡ ನೆಲ ನೋಡು. ತ್ರಿಜ್ಯದ ವರ್ಗದಲ್ಲಿ ಐದನೇ ಒಂದು ಭಾಗಕ್ಕಿಂತ ಚೂರು ಹೆಚ್ಚು, 0.065 ಚದರ ಮೀಟರ್. ನೂರಕ್ಕೆ ಎಂಟು! ಎಂಟು ಪಾಲು ನೆಲ ಕೊಟ್ಟು ಮುಕ್ಕಾಲು ಅಡಿ ದಾರಿ ಪಡೆದ ಹಾಗಾಯ್ತು. ಇಂಥ ವ್ಯಾಪಾರ ಯಾರು ಬಿಡ್ತಾರೆ?

ಶಿಷ್ಯೆ: ನಿಮ್ಮ ಕೋಣೆಯಲ್ಲೇ ನೋಡಿ. ಬಾಗಿಲು ತೆರೆಯುವಾಗ ಅದರ ತುದಿ ಒಂದು ಕಮಾನು ಬರೆಯುತ್ತಲ್ಲ, ಆ ಕಮಾನಿಗೂ ಚೌಕದ ಮೂತಿಗೂ ನಡುವೆ ಉಳಿಯೋದು 51 ಸೆಂ.ಮೀ. ಕಾಲುವೃತ್ತ ಹಾಕಿದರೆ 73. ಬಟ್ಟೆ, ಟವೆಲ್ಲು ಹಿಡಿದುಕೊಂಡು ಹೊರಳೋಕೆ 51 ಇಕ್ಕಟ್ಟು, 73 ಸಲೀಸು.

ಮೂತಿ ಹಿಂದೆ ಸರಿಯುವುದರ ಜೊತೆಗೇ ಒಳಗೆ ನಿಲ್ಲುವ ದೇಹಕ್ಕೆ ಏನು ಉಳಿಯುತ್ತದೆ ಎಂಬುದನ್ನೂ ನೋಡಬೇಕು. ಇದಕ್ಕೆ ಒಂದು ಸರಳ ಪರೀಕ್ಷೆ ಅಮೆರಿಕದ ಯೂನಿಫಾರ್ಮ್ ಪ್ಲಂಬಿಂಗ್ ಕೋಡಿನಲ್ಲಿದೆ. ಶವರಿನ ಒಳಜಾಗ 1024 ಚದರ ಇಂಚಿಗೆ, ಅಂದರೆ ಸುಮಾರು 0.66 ಚದರ ಮೀಟರಿಗೆ, ಕಡಿಮೆ ಇರಬಾರದು. ಜೊತೆಗೆ 30 ಇಂಚು ವ್ಯಾಸದ, ಅಂದರೆ 76 ಸೆಂ.ಮೀ. ಚಿಲ್ಲರೆಯ, ಒಂದು ವೃತ್ತ ಅದರೊಳಗೆ ಹಿಡಿಸಬೇಕು. ಚದರಡಿಗಿಂತ ಈ ವೃತ್ತವೇ ಹೆಚ್ಚು ನಿಜ ಹೇಳುತ್ತದೆ. ತಲೆ ಉಜ್ಜಿಕೊಳ್ಳುವವರ ಮೊಣಕೈ ಸುತ್ತುವುದು ವೃತ್ತದಲ್ಲೇ ಹೊರತು ಚೌಕದಲ್ಲಲ್ಲ.

ಮೇಷ್ಟ್ರು ಸೀಮೆಸುಣ್ಣ ತಂದು, ಹಳೆಯ ಟೈಲ್ಸ್ ಕಿತ್ತ ನೆಲದ ಮೇಲೆ ನಾಲ್ಕು ಆಕಾರಗಳನ್ನು ನಿಜ ಗಾತ್ರದಲ್ಲಿ ಒಂದರ ಮೇಲೊಂದು ಬರೆದರು. ದಾರಕ್ಕೆ ಸೀಮೆಸುಣ್ಣ ಕಟ್ಟಿ ಕಮಾನು ಎಳೆದರು. ಲೆಕ್ಕ ಹೀಗೆ ಬಂತು. 90ರ ಚೌಕದೊಳಗೆ 90ರ ವೃತ್ತ ಹಿಡಿಯುತ್ತದೆ, ಅದರಲ್ಲೇನೂ ಸೋಜಿಗವಿಲ್ಲ. 55 ತ್ರಿಜ್ಯದ ಕಾಲುವೃತ್ತದ ಟ್ರೇಯೊಳಗೆ 86.6 ಸೆಂ.ಮೀ. ವೃತ್ತ; ಚೌಕಕ್ಕೆ ಹೋಲಿಸಿದರೆ ಕಳೆದದ್ದು ಮೂರೂವರೆ ಸೆಂಟಿಮೀಟರ್ ಮಾತ್ರ, ಯಾಕೆಂದರೆ ದುಂಡು ಮಾಡಿದ ಮೂಲೆಯಲ್ಲಿ ಮನುಷ್ಯ ಮೊದಲೂ ನಿಲ್ಲುತ್ತಿರಲಿಲ್ಲ. ಎರಡೂ ಬದಿಯಲ್ಲಿ 45 ಉಳಿಸಿ ಓರೆ ಕತ್ತರಿಸಿದ ಐದಂಚಿನ ಟ್ರೇಯೊಳಗೆ 79. ಇನ್ನು ದುಂಡು ಮೂಲೆಯಲ್ಲ, ಇಡೀ ಟ್ರೇಯೇ 90 ತ್ರಿಜ್ಯದ ಶುದ್ಧ ಕಾಲುವೃತ್ತವಾದರೆ ಒಳವೃತ್ತ 74.6ಕ್ಕೆ ಇಳಿಯುತ್ತದೆ, ಜಾಗ 0.64 ಚದರ ಮೀಟರಿಗೆ. ಆ ಕೋಡಿನ ಎರಡೂ ಷರತ್ತಿನಲ್ಲಿ ಅದು ಫೇಲು.

ಮೇಷ್ಟ್ರು: ದುಡ್ಡು, ಜಾಗ ಎರಡೂ ಉಳೀಲಿ ಅಂತ 80ರ ಕ್ವಾಡ್ರಂಟ್ ತಗೊಂಡರೆ?

ಶಿಷ್ಯೆ: ನೀವೇ ಹಾಕಿ ನೋಡಿ ಸಾರ್.

ಮೇಷ್ಟ್ರು: ಕಮಾನಿನ ಕೇಂದ್ರ ಗೋಡೆಯಿಂದ 25ಕ್ಕೆ ಬಂತು… 74.8. ಅದೂ ಫೇಲು. ಹತ್ತು ಸೆಂಟಿಮೀಟರ್ ಉಳಿಸೋಕೆ ಹೋಗಿ ಹನ್ನೆರಡು ಹೋಯ್ತು.

ಶಿಷ್ಯೆ: ಇದರ ಮೇಲೆ ಗಾಜಿನ ಚೌಕಟ್ಟು ಟ್ರೇಯ ಅಂಚಿನಿಂದ ಎರಡು ಮೂರು ಸೆಂ.ಮೀ. ಒಳಗೆ ಕೂರುತ್ತೆ. ಇಷ್ಟೆಲ್ಲ ಅಳತೆಯಲ್ಲೂ ಅಷ್ಟು ಕಳೆಯಿರಿ. ಅದಕ್ಕೇ 80ರ ದುಂಡು ಟ್ರೇ ಅಂದರೆ ನಾನು ಮಾತಾಡೋಕೂ ಹೋಗಲ್ಲ. 80 ಮಾತ್ರ ಸಾಧ್ಯ ಅನ್ನೋ ಕೋಣೆಗೆ ಚೌಕವೇ ಸರಿ.

ಆಯತದ ಟ್ರೇ ಈ ಕೋಣೆಯಲ್ಲಿ ಬೇಗ ಸೋತಿತು. 120ಕ್ಕೆ 80ರ ಟ್ರೇಯನ್ನು ಉದ್ದದ ಗೋಡೆಗೆ ಹೊಂದಿಸಿದರೆ ಕಮೋಡಿನ ಪಕ್ಕದಲ್ಲಿ ಒಂದು ಗೇಣೂ ಉಳಿಯುವುದಿಲ್ಲ. ಅಗಲದ ಗೋಡೆಗೆ ಹೊಂದಿಸಿದರೆ ವಾಶ್‌ಬೇಸಿನ್ನಿಗೆ ಜಾಗವಿಲ್ಲ. ಆದರೆ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ತುಂಬ ಕಾಣುವ ಎಂಟಡಿಗೆ ಐದಡಿಯ ಉದ್ದನೆ ಬಚ್ಚಲಾಗಿದ್ದರೆ ಮಾತೇ ಬೇರೆ. ಅಲ್ಲಿ ಕಿಟಕಿ ಬದಿಯ ಐದಡಿ ಅಗಲವನ್ನು ಪೂರ್ತಿ ಆಯತದ ಟ್ರೇಗೆ ಕೊಟ್ಟು, ಅಡ್ಡಕ್ಕೆ ಒಂದು ಗಾಜು ನಿಲ್ಲಿಸಿದರೆ ಸಾಕು. ಅಂಥ ಕೋಣೆಯಲ್ಲಿ ಮೂಲೆ ಟ್ರೇ ಕೂರಿಸಿದರೆ ಅದರ ಪಕ್ಕ ಎರಡಡಿಯ ಒಂದು ಸಂದಿ ಉಳಿದು, ಅಲ್ಲಿ ಪೊರಕೆ, ಫಿನಾಯಿಲ್ ಡಬ್ಬ ಸಂಸಾರ ಹೂಡುತ್ತವೆ. ಮೂಲೆ ಟ್ರೇಯ ನಿಜವಾದ ಜಾಗ ಈ ಮೇಷ್ಟ್ರ ಬಚ್ಚಲಿನಂಥ, ಉದ್ದ ಅಗಲ ಹೆಚ್ಚುಕಡಿಮೆ ಒಂದೇ ಇರುವ ಕೋಣೆ. ಆಫ್‌ಸೆಟ್ ಕ್ವಾಡ್ರಂಟ್ ಇವೆರಡರ ನಡುವಿನದು: ಒಂದು ಗೋಡೆಗುಂಟ ಜಾಗವಿದ್ದು ಇನ್ನೊಂದರಲ್ಲಿ ಇಲ್ಲದಾಗ ಅದು ಒದಗುತ್ತದೆ.

ಶಿಷ್ಯೆ: ಈಗ ಶವರಿನ ಬಾಗಿಲು. ಆಕಾರ ಆರಿಸೋದರಲ್ಲಿ ಅರ್ಧ ಪಾಲು ಬಾಗಿಲು ಆರಿಸೋದೇ. ಕ್ವಾಡ್ರಂಟಿನಲ್ಲಿ ಬಾಗಿದ ಎರಡು ಗಾಜು ಅಕ್ಕಪಕ್ಕಕ್ಕೆ ಸರೀತವೆ. ಹೊರಗೆ ಜಾಗ ಬೇಡ, ಅದು ಅದರ ದೊಡ್ಡ ಗುಣ. ಆದರೆ 90ರ ಟ್ರೇಯಲ್ಲಿ ತೆರೆದಾಗ ಸಿಗೋ ದಾರಿ ಒಂದೂವರೆ ಅಡಿ ಆಸುಪಾಸು ಅಷ್ಟೆ. ಅದೇ ಅಮೆರಿಕದ ಕೋಡು ಕನಿಷ್ಠ 22 ಇಂಚು ಕೇಳುತ್ತೆ.

ಮೇಷ್ಟ್ರು: ನಾನು ನುಸುಳ್ತೀನಿ. ನನ್ನ ಹೆಂಡತಿ… ಅವಳಿಗೆ ಮೊಣಕಾಲು ಆಪರೇಷನ್ ಆಗಿದೆ. ಕಾಲು ಅಡ್ಡ ಇಟ್ಟು ಹೋಗೋಕೆ ಆಗಲ್ಲ.

ಶಿಷ್ಯೆ: ಅಮ್ಮನಿಗೆ ಹಾಗಾದರೆ ಐದಂಚಿನದೇ ಸರಿ ಅನ್ಸುತ್ತೆ. ಓರೆ ಮುಖ 63 ಸೆಂ.ಮೀ. ಇರುತ್ತೆ, ಅಷ್ಟೂ ಬಾಗಿಲೇ. ಕಬ್ಜಾ, ಪಟ್ಟಿ ಕಳೆದರೂ 22 ಇಂಚಿನ ಹತ್ತಿರ ಬರುತ್ತೆ, ನೇರ ನಡೆದು ಒಳಗೆ ಹೋಗಬಹುದು. ಬಾಗಿಲು ಹೊರಕ್ಕೆ ತೆರೆಯಲೇಬೇಕು. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಒರಗಿದರೆ, ಒಳಕ್ಕೆ ತೆರೆಯೋ ಬಾಗಿಲನ್ನ ಹೊರಗಿನಿಂದ ತಳ್ಳೋಕೆ ಆಗಲ್ಲ.

ಮೇಷ್ಟ್ರು: ಹೊರಕ್ಕೆ ತೆರೆಯೋಕೆ ಜಾಗ?

ಶಿಷ್ಯೆ: ಐದಂಚಿನ ಟ್ರೇಯ ಮುಖ ಮೂಲೆಯಿಂದ 95 ಸೆಂ.ಮೀ.ಗೇ ನಿಲ್ಲುತ್ತೆ, ಕ್ವಾಡ್ರಂಟಿಗಿಂತ ಒಂಬತ್ತು ಕಡಿಮೆ. ಕೋಣೆಯ ಬಾಗಿಲಿನ ಕಮಾನಿಗೂ ಅದಕ್ಕೂ 80ಕ್ಕಿಂತ ಹೆಚ್ಚು ಉಳಿಯುತ್ತೆ. ಗಾಜಿನ ಬಾಗಿಲು ಸುಖವಾಗಿ ತಿರುಗುತ್ತೆ. ಒಂದೇ ತೊಂದರೆ, ತೆರೆದಾಗ ಗಾಜಿನ ಮೇಲಿನ ನೀರು ಒಣನೆಲಕ್ಕೆ ಸೋರುತ್ತೆ. ಒಂದು ಕಾಲೊರಸು ಹಾಕಬೇಕು.

ಮೇಷ್ಟ್ರು: ಒಳವೃತ್ತ 79 ಅಲ್ವಾ? ಗಾಜಿನದು ಕಳೆದರೆ 76ರ ಗಡಿಗೇ ಬಂತು.

ಶಿಷ್ಯೆ: ಬಂತು. ಅಮ್ಮನ ಕಾಲಿಗಾಗಿ ನಿಮ್ಮ ಮೊಣಕೈ ಸ್ವಲ್ಪ ಮಡಚಿಕೊಳ್ಳಬೇಕು.

ಬಾಗಿದ ಗಾಜಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಶವರಿನ ಗಾಜು ಕಾಯಿಸಿ ಗಟ್ಟಿಮಾಡಿದ ಟಫನ್ಡ್ ಗಾಜು. ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ, ಪುಡಿಪುಡಿಯಾಗುತ್ತದೆ. ಕ್ವಾಡ್ರಂಟಿನ ಗಾಜಿನ ಬಾಗು ಟ್ರೇಯ ಬಾಗಿಗೆ ಹೊಂದಬೇಕು. 55 ತ್ರಿಜ್ಯದ ಟ್ರೇಯ ಮೇಲೆ 50 ತ್ರಿಜ್ಯದ ಗಾಜು ಕೂರುವುದೇ ಇಲ್ಲ. ಹಾಗಾಗಿ ಟ್ರೇ ಒಂದು ಕಡೆ, ಗಾಜು ಇನ್ನೊಂದು ಕಡೆ ಅಗ್ಗಕ್ಕೆ ಕೊಳ್ಳುವವರು ತ್ರಿಜ್ಯವನ್ನು ಬರೆಸಿಕೊಂಡೇ ಹೋಗಬೇಕು. ಚೌಕದ, ಐದಂಚಿನ ಟ್ರೇಗಳಿಗೆ ಚಪ್ಪಟೆ ಗಾಜು ಸಾಕು. ಒಡೆದರೆ ಊರಿನ ಗಾಜಿನ ಅಂಗಡಿಯಲ್ಲೇ ಅಳತೆ ಕೊಟ್ಟು ಮಾಡಿಸಬಹುದು. ಬೋರ್‌ವೆಲ್ಲಿನ ಗಡಸು ನೀರು ಬರುವ ಬಡಾವಣೆಗಳಲ್ಲಿ ಸರಿಯುವ ಬಾಗಿಲಿನ ಕೆಳಗಾಲುವೆಗೂ ಗಾಲಿಗಳಿಗೂ ಬಿಳಿ ಸುಣ್ಣ ಕಟ್ಟುತ್ತದೆ. ಕಬ್ಜಾ ಬಾಗಿಲಿಗೆ ಆ ಗೋಳು ಕಡಿಮೆ.

ಮೇಷ್ಟ್ರು: ಗೋಡೆಗಳ ಮೂಲೆ ಸರಿಯಾಗಿದೆಯೋ ಇಲ್ಲವೋ ಅಂತ ಯಾರು ನೋಡಿದ್ದಾರೆ? ಟ್ರೇ ಏನೋ ಕರಾರುವಾಕ್ಕು 90 ಡಿಗ್ರಿ. ಗೋಡೆ ಕಟ್ಟಿದ ಮೇಸ್ತ್ರಿ?

ಶಿಷ್ಯೆ: ನಾನು ಕೇಳಬೇಕಿದ್ದ ಪ್ರಶ್ನೆ ನೀವೇ ಕೇಳಿದಿರಿ. ಮೂಲೆಮಟ್ಟ ಸಣ್ಣದಾಗುತ್ತೆ, ನಂಬೋಕಾಗಲ್ಲ. ನೀವು ಏಳನೇ ಕ್ಲಾಸಿನಲ್ಲಿ ಮಾಡಿಸಿದ 3-4-5ನ್ನೇ ಮಾಡೋಣ. ಒಂದು ಗೋಡೆಗೆ 60, ಇನ್ನೊಂದಕ್ಕೆ 80 ಗುರುತು ಹಾಕಿದರೆ ನಡುವೆ 100 ಬರಬೇಕು.

ಪಟ್ಟಿ 101 ತೋರಿಸಿತು. ಒಂದು ಸೆಂಟಿಮೀಟರ್ ತಾನೇ ಎನ್ನಿಸಬಹುದು. ಆದರೆ ಅದರ ಅರ್ಥ ಮೂಲೆ 91 ಡಿಗ್ರಿ ದಾಟಿದೆ ಎಂದು. ಒಂದು ಗೋಡೆಗೆ ಟ್ರೇಯನ್ನು ಒತ್ತಿ ಕೂರಿಸಿದರೆ, ಇನ್ನೊಂದು ಗೋಡೆಯಲ್ಲಿ 90 ಸೆಂ.ಮೀ. ತುದಿಗೆ ಬರುವಷ್ಟರಲ್ಲಿ ಎರಡು ಸೆಂಟಿಮೀಟರಿನಷ್ಟು ಬಿರುಕು ತೆರೆದುಕೊಳ್ಳುತ್ತದೆ. ಸಿಲಿಕೋನ್ ತುಂಬಿ ಮುಚ್ಚುವ ಸಂದು ಅದಲ್ಲ. ಟೈಲ್ಸ್ ಮತ್ತು ಅದರ ಅಂಟು ಸೇರಿ ಒಂದೂವರೆ ಸೆಂ.ಮೀ. ನುಂಗಬಹುದು, ಉಳಿದದ್ದನ್ನು ಆ ಗೋಡೆಯ ಗಿಲಾವು ಕಿತ್ತು ಹೊಸದಾಗಿ ಬಳಿದೇ ಸರಿಮಾಡಬೇಕು. ಗೋಡೆ ಬರಿದಾಗಿರುವಾಗ ಇದು ಅರ್ಧ ದಿನದ ಕೆಲಸ.

ಕೆಲಸದ ಕ್ರಮವೂ ಇದರಿಂದಲೇ ಹೊರಡುತ್ತದೆ. ಟ್ರೇ ಮೊದಲು, ಗೋಡೆಯ ಟೈಲ್ಸ್ ಆಮೇಲೆ. ಟೈಲ್ಸ್ ಟ್ರೇಯ ಅಂಚಿನ ಮೇಲೆ ಇಳಿದು ನಿಂತಾಗ ಗೋಡೆಯ ನೀರು ಟ್ರೇಯೊಳಕ್ಕೇ ಬೀಳುತ್ತದೆ. ಟೈಲ್ಸ್ ಮುಗಿಸಿ ಅದಕ್ಕೆ ಟ್ರೇ ತಾಗಿಸಿದರೆ ನೀರು ಸಂದಿನ ಬಾಯಿಗೇ ಇಳಿಯುತ್ತದೆ, ಇಡೀ ಭಾರ ಒಂದು ಗೆರೆ ಸಿಲಿಕೋನಿನ ಮೇಲೆ ಬೀಳುತ್ತದೆ. ಟ್ರೇಯ ಹೊಟ್ಟೆಯ ಕೆಳಗೆ ಪೊಳ್ಳು ಬಿಡಬಾರದು. ಕಲ್ಲುಪುಡಿ ಮತ್ತು ರೆಸಿನ್ ಬೆರೆತ ಟ್ರೇಯನ್ನು ಸಿಮೆಂಟು ಮರಳಿನ ಹಾಸಿನ ಮೇಲೆ ಪೂರ್ತಿ ಕೂರಿಸುತ್ತಾರೆ. ಅಕ್ರಿಲಿಕ್ಕಿನ ತೆಳು ಟ್ರೇ ಕಾಲುಗಳ ಮೇಲೆ ನಿಲ್ಲುವುದುಂಟು, ಆದರೆ ಹೆಜ್ಜೆಯಿಟ್ಟಾಗ ಅದು ಕೂದಲೆಳೆಯಷ್ಟು ಬಗ್ಗಿದರೂ ಸಿಲಿಕೋನ್ ದಿನದಿನಕ್ಕೆ ಬಿಟ್ಟುಕೊಳ್ಳುತ್ತದೆ.

ಶಿಷ್ಯೆ: ಹಳೇ ಫ್ಲೋರ್ ಟ್ರ್ಯಾಪ್ ಎಲ್ಲಿದೆ ಸಾರ್?

ಮೇಷ್ಟ್ರು: ಅಗೋ, ಗೋಡೆಯಿಂದ ಒಂದಡಿಗೆ. ಟ್ರೇಯ ತೂತು ಎಲ್ಲಿರುತ್ತೆ?

ಶಿಷ್ಯೆ: ಒಂದೊಂದರಲ್ಲಿ ಒಂದೊಂದು ಕಡೆ. ಕೆಲವು ಹಿಂದಿನ ಮೂಲೆಗೆ, ಕೆಲವು ನಡುವಿಗೆ, ಕೆಲವು ಮುಂದಿನ ಅಂಚಿಗೆ. ಒಂದೇ ಆಕಾರದ ಎರಡು ಟ್ರೇ ಎದುರಿಗಿದ್ದರೆ, ತೂತು ನಿಮ್ಮ ಟ್ರ್ಯಾಪಿಗೆ ಹತ್ತಿರ ಇರೋದನ್ನೇ ತಗೋಬೇಕು. ಪೈಪು ಉದ್ದವಾದಷ್ಟೂ ವಾಟಕ್ಕೆ ಆಳ ಬೇಕು, ಟ್ರೇ ಅಷ್ಟು ಮೇಲೇಳುತ್ತೆ. ನಿಮಗೆ ಸಂಕನ್ ಸ್ಲ್ಯಾಬಿನ ತಗ್ಗು ಇರೋದರಿಂದ ಟ್ರೇಯನ್ನ ನೆಲದ ಮಟ್ಟಕ್ಕೇ ಇಳಿಸಬಹುದು. ತಗ್ಗು ಇಲ್ಲದ ಮನೆಯಲ್ಲಿ ಟ್ರೇಗೆ ಕಾಲು ಕೊಟ್ಟು ಅರ್ಧ ಅಡಿ ಎತ್ತರಿಸ್ತಾರೆ. ಅಮ್ಮನಿಗೆ ಆ ಮೆಟ್ಟಿಲು ಹತ್ತಿಸೋದು ಬೇಡವೇ ಬೇಡ.

ಮೇಷ್ಟ್ರು: ಎಣ್ಣೆಯ ಮಾತು ಬಾಕಿ ಇಟ್ಟಿದ್ದೆ.

ಶಿಷ್ಯೆ: ಟ್ರೇಯ ಕಾಗದದಲ್ಲಿ ಎ, ಬಿ, ಸಿ ಅಂತ ಜಾರಿಕೆಯ ದರ್ಜೆ ಬರೆದಿರ್ತಾರೆ. ಜರ್ಮನಿಯ ಡಿನ್ 51097 ಅನ್ನೋ ಮಾನದಂಡದಿಂದ ಬಂದ ಪರೀಕ್ಷೆ ಅದು. ಸೋಪುನೀರು ಹರಿಸಿದ ಇಳಿಜಾರಿನ ಮೇಲೆ ಬರಿಗಾಲಲ್ಲಿ ನಡೆಸ್ತಾರೆ. 12 ಡಿಗ್ರಿವರೆಗೆ ಜಾರದಿದ್ದರೆ ಎ, 18ಕ್ಕೆ ಬಿ, 24ಕ್ಕೆ ಸಿ. ನಿಮ್ಮ ಮನೆಗೆ ಸಿ ತಗೊಳ್ಳಿ. ಅಲ್ಲಿ ಹರಿಸೋದು ಸೋಪುನೀರು, ಹರಳೆಣ್ಣೆ ಅಲ್ಲ. ದೀಪಾವಳಿ ದಿನ ಎಣ್ಣೆ ಹಚ್ಚಿಕೊಂಡವರು ಯಾವ ದರ್ಜೆಯನ್ನೂ ನಂಬಬಾರದು, ಗೋಡೆಗೆ ಹಾಕೋ ಹಿಡಿಯನ್ನೇ ನಂಬಬೇಕು. ಮೂಲೆ ಶವರಿನ ಒಂದು ಅನುಕೂಲ ಅದೇ, ಹಿಡಿ ಕೂರಿಸೋಕೆ ಎರಡು ಗಟ್ಟಿ ಗೋಡೆ ಕೈಯಳತೆಯಲ್ಲೇ ಸಿಗ್ತವೆ. ಗಾಜಿಗೆ ಮಾತ್ರ ಹಿಡಿ ಹಾಕಿಸಬೇಡಿ. ಇನ್ನೊಂದು, ಕೆಲಸದವರು ಬಚ್ಚಲಿಗೆ ಆಸಿಡ್ ಸುರಿದು ಉಜ್ಜೋ ರೂಢಿ ಇದೆಯಲ್ಲ, ಅದನ್ನ ನಿಲ್ಲಿಸಬೇಕು. ರೆಸಿನ್ ಟ್ರೇಗಳಲ್ಲಿ ಎಷ್ಟೋ ಸಲ ತುಂಬಿರೋದು ಸುಣ್ಣದ ಕಲ್ಲಿನ ಪುಡಿ. ಮೇಲ್ಪದರ ಒಂದು ಕಡೆ ಕಿತ್ತರೆ ಆಸಿಡ್ ಒಳಗಿನದನ್ನ ನೊರೆಯೆಬ್ಬಿಸಿ ತಿನ್ನುತ್ತೆ.

ಐದಂಚಿನ ಟ್ರೇಯೆಂದು ನಿಶ್ಚಯವಾಯಿತು: 90ಕ್ಕೆ 90, ತೂತು ಹಿಂದಿನ ಮೂಲೆಗೆ. ಉಳಿದದ್ದು ಬಾಗಿಲಿನ ಕಬ್ಜಾ ಯಾವ ಬದಿಗೆ ಎಂಬುದು. ಕಮೋಡಿನ ಬದಿಗೆ ಹಾಕಿದರೆ ತೆರೆದ ಗಾಜು ಕಮೋಡಿನ ಮುಂದೆ ಅಡ್ಡ ನಿಲ್ಲುತ್ತದೆ, ಒಳಗೆ ಬಂದವರು ಅದನ್ನು ಸುತ್ತಿ ಶವರಿಗೆ ಹೋಗಬೇಕು. ಬೇಸಿನ್ನಿನ ಬದಿಗೆ ಹಾಕಿದರೆ ತೆರೆದ ಗಾಜು ಬೇಸಿನ್ನಿಗೂ ದಾರಿಗೂ ನಡುವೆ ಗೋಡೆಯಂತೆ ನಿಂತು, ಕೋಣೆಯ ಬಾಗಿಲಿನಿಂದ ಶವರಿನವರೆಗೆ ದಾರಿ ಬಿಡುವಾಗಿರುತ್ತದೆ. ಮೇಷ್ಟ್ರು ಸೀಮೆಸುಣ್ಣದ ಗೆರೆಯ ಮೇಲೆ ಒಂದು ಮರದ ಪಟ್ಟಿ ಇಟ್ಟು ಎರಡು ಬದಿಗೂ ತಿರುಗಿಸಿ ನೋಡಿದರು.

ಮೇಷ್ಟ್ರು: ಬೇಸಿನ್ ಬದಿಯೇ. ಆರ್ಡರಿನಲ್ಲಿ ಬಲಗಡೆ ಕಬ್ಜಾ ಅಂತ ಬರೀಲಾ?

ಶಿಷ್ಯೆ: ಬಲ ಅನ್ನಬೇಡಿ ಸಾರ್. ಕೆಲವರು ಹೊರಗೆ ನಿಂತು ಬಲ ಅಂತಾರೆ, ಕೆಲವರು ಒಳಗೆ ನಿಂತು. ಆಫ್‌ಸೆಟ್ ಟ್ರೇಗಳಲ್ಲಂತೂ ಈ ಎಡಬಲದಲ್ಲೇ ಎಡವಟ್ಟಾಗಿ, ಲಾರಿಯಲ್ಲಿ ಬಂದ ಟ್ರೇ ಲಾರಿಯಲ್ಲೇ ವಾಪಸ್ ಹೋಗುತ್ತೆ. ಮೇಲಿನಿಂದ ನೋಡಿದ ಹಾಗೆ ಚಿತ್ರ ಬರೀರಿ. ಎರಡು ಗೋಡೆ, ಬೇಸಿನ್, ಕಮೋಡು, ಕಬ್ಜಾ ಇರೋ ಕಡೆ ಒಂದು ಚುಕ್ಕೆ, ಬಾಗಿಲು ತಿರುಗೋ ಕಡೆಗೆ ಒಂದು ಬಾಣ.

ಮೇಷ್ಟ್ರು ಆರ್ಡರ್ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದರು, ಬದಿಗೆ ಅಳತೆ ಹಾಕಿದರು, ಚುಕ್ಕೆ ಇಟ್ಟು ಬಾಣ ಎಳೆದರು.